ಜಾತ್ರೆ ಕಮಿಟಿಗೆ ನೋಟಿಸ್ ಬರುವ ಮುನ್ನ

ನಮ್ಮ ರಾಮದುರ್ಗ ತಾಲ್ಲೂಕಿನ ಸುರೇಬಾನದ ಶಬರಿಕೊಳ್ಳಕ್ಕೋ ಗೊಡಚಿ ವೀರಭದ್ರೇಶ್ವರನ ತೇರಿಗೋ ಬರುವ ಭಕ್ತರಿಗೆ ಕಮಿಟಿಯವರು ಯಾರೆಂದು ತಿಳಿದಿರುವುದಿಲ್ಲ. ಅವಘಡ ನಡೆದರೆ ಮಾತ್ರ ಪೊಲೀಸರು ಮೊದಲು ಕೇಳುವುದು ಅವರ ಹೆಸರನ್ನೇ. 2024ರ ಅಕ್ಟೋಬರ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ಗುಡಿಯೊಂದರ ಕಳಿಯಾಟ ಉತ್ಸವದ ವೇಳೆ ಪಟಾಕಿ ದಾಸ್ತಾನಿಗೆ ಕಿಡಿ ತಗುಲಿತು. 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಪಟಾಕಿಗೆ ಪರವಾನಗಿ ಇರಲಿಲ್ಲ. ಕಮಿಟಿಯ ಪದಾಧಿಕಾರಿಗಳು ಬಂಧನಕ್ಕೊಳಗಾದರು.

ನಮ್ಮ ಕಡೆಯ ಅನೇಕ ಗುಡಿಗಳನ್ನು ಊರ ಹಿರಿಯರೇ ನೋಡಿಕೊಳ್ಳುತ್ತಾರೆ. ವ್ಯವಹಾರವೆಲ್ಲ ಬಾಯಿಮಾತಿನಲ್ಲಿ. ನಂಬಿಕೆ ಇರುವವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಕೇಸು ಬಿದ್ದ ದಿನ ನೋಂದಣಿಯೂ ಇಲ್ಲ, ಠರಾವೂ ಇಲ್ಲ. ಸಹಿ ಹಾಕಿದವರ ತಲೆಗೇ ಎಲ್ಲ ಬರುತ್ತದೆ.

ಮೊದಲು ಉತಾರ ತೆಗೆಸಿ

ಜಮೀನಿದ್ದರೆ ಉತಾರದ 9ನೇ ಕಾಲಂ ನೋಡಿ. ಅಲ್ಲಿರುವುದು ದೇವರ ಹೆಸರೋ, ಪೂಜಾರಿಯ ಹೆಸರೋ? ದೇವಸ್ಥಾನದ ಭೂಮಿಗೆ ದೇವರೇ ಒಡೆಯ, ಪೂಜಾರಿ ಅದನ್ನು ನೋಡಿಕೊಳ್ಳುವವನಷ್ಟೇ ಎಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಹೇಳಿದೆ. ಇನಾಂ ರದ್ದಾದಾಗ ಉಳುವವರಿಗೆ ಮಂಜೂರಾದ ಭೂಮಿಯ ಕಥೆ ಬೇರೆ. ವಕೀಲರಿಗೆ ತೋರಿಸದೆ ಜಗಳಕ್ಕಿಳಿಯಬೇಡಿ.

ಈ ಭಾಗ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಹಳೆಯ ಸಂಸ್ಥೆಗಳು 1950ರ ಮುಂಬೈ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಣಿಯಾಗಿರಬಹುದು. ಆ ಪ್ರತಿ ಟ್ರಂಕಿನ ತಳದಲ್ಲಿದ್ದರೆ ಹುಡುಕಿ ತೆಗೆಯಿರಿ. 2019ರ ಮಲಪ್ರಭಾ ನೆರೆ ಕಂಡವರಿಗೆ ಸ್ಕ್ಯಾನ್ ಮಾಡಿಡಿ ಎಂದು ಬೇರೆ ಹೇಳಬೇಕಿಲ್ಲ.

ಗುಡಿ ಮುಜರಾಯಿ ಪಟ್ಟಿಯಲ್ಲಿದೆಯೇ ಎಂಬುದನ್ನು ರಾಮದುರ್ಗ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ಇದ್ದರೆ 1997ರ ಧಾರ್ಮಿಕ ದತ್ತಿ ಕಾಯ್ದೆ ಅನ್ವಯಿಸುತ್ತದೆ. ಮಠಗಳು ಅದರಿಂದ ಹೊರಗೆ. ಪಟ್ಟಿಯಲ್ಲಿಲ್ಲದ ಗುಡಿಗೆ ಉಪನೋಂದಣಾಧಿಕಾರಿಯ ಬಳಿ ಟ್ರಸ್ಟ್ ಪತ್ರ ಮಾಡಿಸಿ, ಇಲ್ಲವೇ ಸಂಘವಾಗಿ ನೋಂದಾಯಿಸಿ. ಸಂಘವಾದರೆ ಪ್ರತಿ ವರ್ಷ ಸಭೆ ನಡೆಸಿ, ಲೆಕ್ಕ ಸಲ್ಲಿಸಲೇಬೇಕು. ಚರ್ಚಿನ ಆಸ್ತಿ ಸಾಮಾನ್ಯವಾಗಿ ಡಯಾಸಿಸ್ ಅಥವಾ ಅದರ ಟ್ರಸ್ಟಿನ ಹೆಸರಿನಲ್ಲಿರುತ್ತದೆ, ಆದ್ದರಿಂದ ಊರ ಸಭಾಪಾಲಕರು ಒಬ್ಬರೇ ಮಳಿಗೆ ಬಾಡಿಗೆ ಕರಾರಿಗೆ ಸಹಿ ಹಾಕಬಾರದು. ಮಸೀದಿ, ದರ್ಗಾದ ಮುತವಲ್ಲಿಯೂ ವಕ್ಫ್ ಮಂಡಳಿಯನ್ನು ಕೇಳದೆ ಆಸ್ತಿಯನ್ನು ವರ್ಷಕ್ಕೂ ಹೆಚ್ಚಿನ ಅವಧಿಗೆ ಲೀಸಿಗೆ ಕೊಡುವಂತಿಲ್ಲ.

ಪಟ್ಟಿ ಹಣ

ಜಾತ್ರೆಗೆ ಪಟ್ಟಿ ಎತ್ತಿದ ಹಣಕ್ಕೆ ನಂಬರಿರುವ ಪಾವತಿ ಪುಸ್ತಕ ಬೇಕು. ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ, ಇಬ್ಬರ ಸಹಿ ಇರಲಿ. ಖಜಾಂಚಿಯ ಸ್ವಂತ ಫೋನಿನ ಕ್ಯೂಆರ್ ಕೋಡ್ ಗುಡಿಯ ಕಂಬಕ್ಕೆ ಅಂಟಿಸುವುದು ಈಚಿನ ಹುಚ್ಚು. ಅದನ್ನು ಇವತ್ತೇ ಕಿತ್ತುಹಾಕಿ. ವಿದೇಶದಿಂದ ದೇಣಿಗೆ ಬರುವುದಿದ್ದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ.

ಜಾತ್ರೆ ದಿನ

ಮೈಕಿಗೆ ಪೊಲೀಸರ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಗಳಿಗೆ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ.

ತೇರು ಎಳೆಯುವ ಹಾದಿಯಲ್ಲಿ ವಿದ್ಯುತ್ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಮೊದಲೇ ನೋಡಿ. 2022ರ ಏಪ್ರಿಲ್‌ನಲ್ಲಿ ತಂಜಾವೂರು ಬಳಿ ತೇರಿಗೆ ತಂತಿ ತಗುಲಿ 11 ಜನ ಸತ್ತರು. ಹೆಸ್ಕಾಂಗೆ ಅರ್ಜಿ ಕೊಟ್ಟು ಎಳೆಯುವಷ್ಟು ಹೊತ್ತು ಕರೆಂಟ್ ತೆಗೆಸಿ. ಅಚ್ಚು, ಗಾಲಿಗಳನ್ನು ಬಡಿಗೇರರಷ್ಟೇ ನೋಡಿದರೆ ಸಾಲದು, ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಗೂ ತೋರಿಸಿ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಪ್ರಸಾದದ ಮಾತಿಗೆ ಬಂದರೆ, 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ಉಂಡು 17 ಮಂದಿ ಸತ್ತರು. ಗುಡಿಯ ಆಡಳಿತದ ಒಳಜಗಳವೇ ಅದರ ಮೂಲ ಎಂದರು ಪೊಲೀಸರು. ಅಡುಗೆಮನೆಗೆ ಬೀಗ, ಕ್ಯಾಮೆರಾ, ಬಡಿಸುವ ಮೊದಲು ರುಚಿ ನೋಡುವ ಒಬ್ಬರು — ಇಷ್ಟು ಇರಲೇಬೇಕು. ಕಮಿಟಿಯಲ್ಲಿ ಎರಡು ಬಣವಿದ್ದರೆ ಇನ್ನೂ ಹುಷಾರು.

ಪ್ರಾಣಿಬಲಿಗೆ 1959ರ ಕಾಯ್ದೆಯಡಿ ನಿಷೇಧವಿದೆ. ಕಡಿದವರಷ್ಟೇ ಅಲ್ಲ, ತಮ್ಮ ಸ್ವಾಧೀನದ ಜಾಗದಲ್ಲಿ ಗೊತ್ತಿದ್ದೂ ಕಡಿಯಲು ಬಿಟ್ಟವರೂ ತಪ್ಪಿತಸ್ಥರು. ದೇವದಾಸಿಯಾಗಿಸಲು ಮುತ್ತು ಕಟ್ಟುವುದು 1982ರ ಕಾಯ್ದೆಯಿಂದಲೇ ಅಪರಾಧ. ಅದಕ್ಕೆ ಪೌರೋಹಿತ್ಯ ಮಾಡಿದವರನ್ನೂ ಕಾನೂನು ಬಿಡುವುದಿಲ್ಲ.

ಮಕ್ಕಳಿರುವ ಕಡೆ

ಮಠದ ಪ್ರಸಾದನಿಲಯ, ಚರ್ಚಿನ ಹಾಸ್ಟೆಲ್, ಮದರಸಾ ಯಾವುದೇ ಇರಲಿ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರೆ ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಹಿರಿಯರ ಮುಂದೆ ರಾಜಿ ಮಾಡಿಸುವ ವಿಷಯ ಇದಲ್ಲ. ಮಕ್ಕಳ ಸಹಾಯವಾಣಿ 1098.

ನೋಟಿಸ್ ಬಂದರೆ

ತೆಗೆದುಕೊಳ್ಳಲು ನಿರಾಕರಿಸಬೇಡಿ, ನಿರಾಕರಿಸಿದರೂ ತಲುಪಿದಂತೆಯೇ ಲೆಕ್ಕ. ಬಂದ ತಾರೀಖು ಬರೆದು, ಸಭೆ ಕರೆದು, ವಕೀಲರು ಯಾರೆಂದು ಠರಾವು ಮಾಡಿ. ಎದುರು ಬಣ ಜಾತ್ರೆಯ ಮುನ್ನಾದಿನ ತಡೆಯಾಜ್ಞೆ ತರಬಹುದೆಂಬ ಅನುಮಾನವಿದ್ದರೆ ಮೊದಲೇ ಕೋರ್ಟಿನಲ್ಲಿ ಕೇವಿಯೆಟ್ ಹಾಕಿ. ಆಗ ನಿಮಗೆ ತಿಳಿಸದೆ ಆದೇಶ ಹೊರಡುವುದಿಲ್ಲ. ಅದರ ಆಯುಷ್ಯ 90 ದಿನ. ಜಾತ್ರೆ ಅದಕ್ಕಿಂತ ದೂರವಿದ್ದರೆ ಮತ್ತೆ ಹಾಕಬೇಕಾಗುತ್ತದೆ.