ಒಂಟಿ ನಕ್ಷತ್ರದ ಗಣರಾಜ್ಯ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣದಲ್ಲಿರುವ ಟೆಕ್ಸಾಸ್ ಇಂದು ಆ ಒಕ್ಕೂಟದ ಒಂದು ರಾಜ್ಯ. ಆದರೆ 1836ರಿಂದ 1845ರವರೆಗೆ ಅದು ಸ್ವತಂತ್ರ ಗಣರಾಜ್ಯವಾಗಿದ್ದಿತು. ವಲಸೆ ಬಂದು ನೆಲೆಸಿದವರು ಬಂಡೆದ್ದು ಅದನ್ನು ಕಟ್ಟಿದರು.

1821ರಲ್ಲಿ ಸ್ಪೇನಿನಿಂದ ಬಿಡುಗಡೆ ಹೊಂದಿದ ಮೆಕ್ಸಿಕೊ ದೇಶಕ್ಕೆ ಟೆಕ್ಸಾಸ್ ಸೇರಿದ್ದಿತು. ಜನವಿರಳವಾದ ಆ ಸೀಮೆಯಲ್ಲಿ ನೆಲೆಸಲು ಮೆಕ್ಸಿಕೊ ಹೊರಗಿನವರಿಗೂ ಭೂಮಿ ನೀಡಿತು. ಸ್ಟೀಫನ್ ಆಸ್ಟಿನ್ ಎಂಬಾತನು ಸಂಯುಕ್ತ ಸಂಸ್ಥಾನಗಳಿಂದ ಸುಮಾರು 300 ಕುಟುಂಬಗಳನ್ನು ಕರೆತಂದನು. ಅವರ ಹಿಂದೆ ಸಾವಿರಾರು ಜನರು ಬಂದರು. ಹಲವರು ಹತ್ತಿಯ ಬೇಸಾಯಕ್ಕಾಗಿ ಗುಲಾಮರನ್ನೂ ತಂದರು. ಮೆಕ್ಸಿಕೊ ಗುಲಾಮಗಿರಿಗೆ ವಿರೋಧವಾಗಿದ್ದಿತು. 1830ರಲ್ಲಿ ಅದು ಈ ವಲಸೆಯನ್ನೂ ನಿಷೇಧಿಸಿತು. ಮುಂದೆ ಅಧ್ಯಕ್ಷ ಸಾಂತಾ ಆನಾ 1824ರ ಸಂವಿಧಾನವನ್ನು ಬದಿಗೊತ್ತಿ ಪ್ರಾಂತಗಳ ಅಧಿಕಾರವನ್ನು ಕಿತ್ತುಕೊಂಡಾಗ ಅಸಮಾಧಾನವು ದಂಗೆಯಾಗಿ ಹೊತ್ತಿಕೊಂಡಿತು.

1835ರ ಅಕ್ಟೋಬರ್ 2ರಂದು ಗೊನ್ಜಾಲೆಸ್ ಎಂಬ ಊರಿನವರು, ಸರ್ಕಾರ ಹಿಂದೆ ಕೊಟ್ಟಿದ್ದ ಸಣ್ಣ ಫಿರಂಗಿಯನ್ನು ಮರಳಿಸಲೊಪ್ಪದೆ ಸೈನಿಕರನ್ನು ಎದುರಿಸಿದರು. 1836ರ ಮಾರ್ಚ್ 2ರಂದು ಸ್ವಾತಂತ್ರ್ಯದ ಘೋಷಣೆಯಾಯಿತು. ಆದರೆ ಮಾರ್ಚ್ 6ರಂದು, ಹದಿಮೂರು ದಿನಗಳ ಮುತ್ತಿಗೆಯ ಬಳಿಕ, ಸ್ಯಾನ್ ಆಂಟೋನಿಯೊದ ಅಲಾಮೊ ಕೋಟೆಯು ಸಾಂತಾ ಆನಾನ ವಶವಾಯಿತು. ಅದನ್ನು ಕಾಯುತ್ತಿದ್ದ ಸುಮಾರು 200 ಯೋಧರಲ್ಲಿ ಬಹುತೇಕ ಎಲ್ಲರೂ ಮಡಿದರು. ಆ ಸೋಲು ಉಳಿದವರಲ್ಲಿ ಕಿಚ್ಚು ಹಚ್ಚಿತು. ಏಪ್ರಿಲ್ 21ರಂದು ಸ್ಯಾಮ್ ಹ್ಯೂಸ್ಟನ್ನನ ಪಡೆಯು ಸ್ಯಾನ್ ಜಸಿಂಟೊ ಎಂಬಲ್ಲಿ ಮೆಕ್ಸಿಕೊ ಸೈನ್ಯವನ್ನು ಸುಮಾರು 18 ನಿಮಿಷಗಳಲ್ಲೇ ಸೋಲಿಸಿತು. ಮರುದಿನ ಸಾಂತಾ ಆನಾ ಸೆರೆಸಿಕ್ಕನು.

ಆ ಗೆಲುವಿನಲ್ಲಿ ಹ್ವಾನ್ ಸೆಗೀನನೂ ಪಾಲುಗೊಂಡಿದ್ದನು. ಅವನು ವಲಸಿಗನಲ್ಲ, ಸ್ಯಾನ್ ಆಂಟೋನಿಯೊದಲ್ಲೇ ಹುಟ್ಟಿ ಬೆಳೆದ ಸ್ಪ್ಯಾನಿಷ್ ಮಾತಿನವನು. ನೆರವು ಕೋರಲು ಅಲಾಮೊದಿಂದ ದೂತನಾಗಿ ಹೊರಟಿದ್ದರಿಂದ ಅವನ ಪ್ರಾಣ ಉಳಿದಿದ್ದಿತು. 1837ರಲ್ಲಿ ಅಲ್ಲಿ ಮಡಿದ ಸಂಗಾತಿಗಳ ಚಿತಾಭಸ್ಮಕ್ಕೆ ಅವನೇ ಮರ್ಯಾದೆಯಿಂದ ಅಂತ್ಯಸಂಸ್ಕಾರ ನಡೆಸಿದನು. ಮುಂದೆ ಊರಿನ ನಗರಾಧ್ಯಕ್ಷನೂ ಆದನು. ಆದರೆ ಹೊಸಬರ ಕಣ್ಣಿಗೆ ಅವನು ಮೆಕ್ಸಿಕೊದವನಾಗಿಯೇ ಉಳಿದನು. ದ್ರೋಹಿಯೆಂಬ ಶಂಕೆ ಬಲಿತು, 1842ರಲ್ಲಿ ಅವನು ಮೆಕ್ಸಿಕೊಕ್ಕೆ ಓಡಿಹೋಗಬೇಕಾಯಿತು. ತಾನು ಕಾದಿ ಗೆದ್ದ ನಾಡಿನಲ್ಲಿ ಅವನಿಗೆ ನಿಲ್ಲಲು ನೆಲೆಯಿಲ್ಲವಾಯಿತು.

ಗಣರಾಜ್ಯದ ಸಂವಿಧಾನವು ಗುಲಾಮಗಿರಿಯನ್ನು ಉಳಿಸಿಕೊಂಡಿತು. ಆಫ್ರಿಕ ಮೂಲದವರಿಗೂ ಅಲ್ಲಿನ ಮೂಲನಿವಾಸಿಗಳಿಗೂ ಪೌರತ್ವವನ್ನು ನಿರಾಕರಿಸಿತು. 1845ರಲ್ಲಿ ಟೆಕ್ಸಾಸ್ ಸಂಯುಕ್ತ ಸಂಸ್ಥಾನಗಳಲ್ಲಿ ವಿಲೀನವಾಯಿತು. ಗಣರಾಜ್ಯದ ಒಂಟಿ ನಕ್ಷತ್ರದ ಬಾವುಟ ಇಂದಿಗೂ ಆ ರಾಜ್ಯದ ಬಾವುಟವಾಗಿದೆ.

ಅಲಾಮೊದಲ್ಲಿ ಮಡಿದವರ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದು ನಾಡು ಸ್ವತಂತ್ರವಾದುದನ್ನು ಓದುವಾಗ, ಆ ಸ್ವಾತಂತ್ರ್ಯದಲ್ಲಿ ಯಾರಿಗೆ ಪಾಲು ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದನ್ನೂ ನಾವು ಕೇಳಿಕೊಳ್ಳಬೇಕು.