ಎತ್ತರದವರ ಕಲಿಕೆ

ಬಹುತೇಕ ಕ್ರೀಡೆಗಳಲ್ಲಿ ದೇಹದ ಎತ್ತರವು ಹಲವು ಅನುಕೂಲಗಳಲ್ಲಿ ಒಂದು ಮಾತ್ರ. ಓಟಗಾರನಿಗೆ ಕಾಲಿನ ಬಲ ಬೇಕು. ಕುಸ್ತಿಪಟುವಿಗೆ ಮೈಕಟ್ಟು ಬೇಕು. ಬಿಲ್ಲುಗಾರನಿಗೆ ಕಣ್ಣಿನ ತೀಕ್ಷ್ಣತೆ ಬೇಕು. ಆದರೆ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಗುರಿಯೇ ತಲೆಯ ಮೇಲಿದೆ. 1891ರ ಡಿಸೆಂಬರ್ ತಿಂಗಳಿನಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಸೂರಿನ ಕೆಳಗೆ ಆಡಬಹುದಾದ ಈ ಆಟವನ್ನು ತಮ್ಮ ವಿದ್ಯಾರ್ಥಿಗಳಿಗಾಗಿ ರೂಪಿಸಿದರು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲುಮೊಗಸಾಲೆಯ ಕಟಾಂಜನಕ್ಕೆ ಮೊಳೆ ಹೊಡೆದು ನಿಲ್ಲಿಸಲಾಯಿತು. ಆ ಸ್ಥಳವು ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಅಂದಿನಿಂದ ಇಂದಿನವರೆಗೆ ಆಟದ ನಿಯಮಗಳು ಎಷ್ಟೋ ಬದಲಾಗಿವೆ; ಆ 10 ಅಡಿ ಮಾತ್ರ ಬದಲಾಗಿಲ್ಲ.

ಹೀಗಿರುವುದರಿಂದ ಏಳು ಅಡಿಯ ಆಳಿಗೆ ಈ ಆಟದಲ್ಲಿ ಹುಟ್ಟಿನಿಂದಲೇ ಒಂದು ಮೇಲುಗೈ ದೊರೆತಂತಾಯಿತು. ಆದರೆ ಆಟವು ಆ ಮೇಲುಗೈಯನ್ನು ಅವನಿಗೆ ಎಂದೂ ಸುಮ್ಮನೆ ಬಿಟ್ಟುಕೊಡಲಿಲ್ಲ. ಒಂದು ಕಾಲದಲ್ಲಿ ನಿಯಮಗಳೂ ಇನ್ನೊಂದು ಕಾಲದಲ್ಲಿ ಲೆಕ್ಕಾಚಾರವೂ ಅದನ್ನು ಕಿತ್ತುಕೊಳ್ಳುತ್ತ ಬಂದವು. ಪ್ರತಿ ಸಲವೂ ಎತ್ತರದವನು ಹೊಸದೊಂದು ವಿದ್ಯೆಯನ್ನು ಕಲಿತು ತನ್ನ ಸ್ಥಾನವನ್ನು ಮರಳಿ ಪಡೆಯಬೇಕಾಯಿತು. ಈ ಕಲಿಕೆಯ ಕಥೆಯು ಕ್ರೀಡಾಸಕ್ತರಲ್ಲದವರಿಗೂ ತಿಳಿದಿರತಕ್ಕದ್ದು.

ಮೊದಲಿಗೆ ಆಟದ ಒಂದು ಕ್ರಮವನ್ನು ಅರಿಯಬೇಕು. ತಂಡದ ಅತ್ಯಂತ ಎತ್ತರದ ಆಟಗಾರನನ್ನು ಸಾಮಾನ್ಯವಾಗಿ ‘ಸೆಂಟರ್’ ಎಂದು ಕರೆಯುತ್ತಾರೆ. ಅವನು ಬುಟ್ಟಿಯ ಸಮೀಪದಲ್ಲಿ, ಬುಟ್ಟಿಗೆ ಬೆನ್ನು ಮಾಡಿ, ನೆಟ್ಟ ಕಂಬದಂತೆ ನಿಲ್ಲುತ್ತಾನೆ. ಆ ಸ್ಥಾನಕ್ಕೆ ‘ಪೋಸ್ಟ್’, ಅಂದರೆ ಕಂಬ, ಎಂಬ ಹೆಸರೇ ಬಂದಿದೆ. ಜೊತೆಗಾರರು ಚೆಂಡನ್ನು ಅವನ ಕೈಗೆ ಮುಟ್ಟಿಸುತ್ತಾರೆ. ಎದುರಾಳಿ ಎತ್ತ ಒತ್ತಿ ನಿಂತಿದ್ದಾನೆ ಎಂಬುದನ್ನು ಅವನು ಕಣ್ಣಿನಿಂದಲ್ಲ, ಬೆನ್ನಿನಿಂದ ಅರಿಯುತ್ತಾನೆ. ಬಲಕ್ಕೋ ಎಡಕ್ಕೋ ಥಟ್ಟನೆ ತಿರುಗಿ ಚೆಂಡನ್ನು ಬುಟ್ಟಿಗೆ ಹಾಕುತ್ತಾನೆ. ಸುಮಾರು ಅರ್ಧ ಶತಮಾನದ ಕಾಲ ವೃತ್ತಿಪರ ತಂಡಗಳ ಮುಖ್ಯ ಉಪಾಯವೇ ಇದಾಗಿತ್ತು.

ಈ ವಿದ್ಯೆಗೆ ಮೊದಲು ಕೀರ್ತಿ ತಂದವನು ಜಾರ್ಜ್ ಮೈಕನ್. 6 ಅಡಿ 10 ಅಂಗುಲ ಎತ್ತರದ ಈತ ದಪ್ಪ ಗಾಜಿನ ಕನ್ನಡಕ ಧರಿಸುತ್ತಿದ್ದನು. ಅಷ್ಟು ಎತ್ತರದವರು ನಡೆಯುವಾಗ ಎಡವುವವರು, ಆಟಕ್ಕೆ ಒದಗದವರು ಎಂದು ಜನರು ಭಾವಿಸಿದ್ದ ಕಾಲ ಅದು. 1942ರಲ್ಲಿ ಶಿಕಾಗೋ ನಗರದ ಡಿಪಾಲ್ ವಿಶ್ವವಿದ್ಯಾಲಯದ ತರಬೇತುದಾರರಾದ ರೇ ಮೇಯರ್ ಅವರು ಮೈಕನ್‌ನನ್ನು ತಿದ್ದಲು ಕೈಹಾಕಿದರು. ಹಗ್ಗದಾಟ ಆಡಿಸಿದರು, ಮುಷ್ಟಿಯುದ್ಧದ ಅಭ್ಯಾಸ ಮಾಡಿಸಿದರು, ಹೆಜ್ಜೆ ಹದವಾಗಲೆಂದು ನೃತ್ಯವನ್ನೂ ಕಲಿಸಿದರು. ಬುಟ್ಟಿಯ ಕೆಳಗೆ ನಿಂತು ಒಮ್ಮೆ ಬಲಗೈಯಿಂದ, ಒಮ್ಮೆ ಎಡಗೈಯಿಂದ ಎಡೆಬಿಡದೆ ಚೆಂಡು ಹಾಕುವ ಅಭ್ಯಾಸವೊಂದನ್ನು ಗೊತ್ತುಪಡಿಸಿದರು. ಇಂದಿಗೂ ಅದಕ್ಕೆ ಮೈಕನ್‌ನ ಹೆಸರೇ ಇದೆ. ಮುಂದೆ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೇರಿದ ಅವನು, 1949ರಿಂದ 1954ರವರೆಗಿನ ಆರು ವರ್ಷಗಳಲ್ಲಿ ಆ ತಂಡಕ್ಕೆ ಐದು ಬಾರಿ ಪ್ರಶಸ್ತಿಯನ್ನು ಗೆಲ್ಲಿಸಿಕೊಟ್ಟನು.

ಆನೆ ನಡೆದದ್ದೇ ದಾರಿ ಎಂಬಂತಾದಾಗ ನಿಯಮ ರೂಪಿಸುವವರು ಎಚ್ಚೆತ್ತರು. ಬುಟ್ಟಿಯ ಮುಂದೆ ಗೆರೆಗಳಿಂದ ಗುರುತಿಸಿದ ಒಂದು ಪಟ್ಟೆಯಿದೆ. ಚೆಂಡು ತಮ್ಮ ವಶದಲ್ಲಿರುವಾಗ ಆ ತಂಡದವರಲ್ಲಿ ಯಾರೂ ಅದರೊಳಗೆ ಮೂರು ಸೆಕೆಂಡುಗಳಿಗಿಂತ ಹೆಚ್ಚು ಕಾಲ ನಿಲ್ಲುವಂತಿಲ್ಲ. 6 ಅಡಿ ಅಗಲವಿದ್ದ ಈ ಪಟ್ಟೆಯನ್ನು 1951ರಲ್ಲಿ 12 ಅಡಿಗೆ ವಿಸ್ತರಿಸಲಾಯಿತು. ಮೈಕನ್ ಬುಟ್ಟಿಯಿಂದ ದೂರಕ್ಕೆ ಸರಿಯಲೇಬೇಕಾಯಿತು. ಎದುರಾಳಿಗಳೂ ಬೇರೊಂದು ಉಪಾಯ ಹೂಡಿದ್ದರು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡದವರು ಅವನ ಕೈಗೆ ಚೆಂಡು ಸಿಗದಂತೆ ಅದನ್ನು ತಮ್ಮಲ್ಲಿಯೇ ಹಿಡಿದುಕೊಂಡು ಕಾಲ ಕಳೆದರು. ಪಂದ್ಯವು 19-18 ಅಂಕಗಳಲ್ಲಿ ಮುಗಿಯಿತು. ಲೇಕರ್ಸ್ ಗಳಿಸಿದ 18ರಲ್ಲಿ 15 ಅಂಕಗಳು ಮೈಕನ್‌ನವೇ ಆಗಿದ್ದವು! ಇಂತಹ ನೀರಸ ಆಟವನ್ನು ತಡೆಯಲು 1954ರಲ್ಲಿ, 24 ಸೆಕೆಂಡುಗಳೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮ ಬಂದಿತು.

ಮೈಕನ್‌ನ ಬಳಿಕ ಬಂದ ವಿಲ್ಟ್ ಚೇಂಬರ್ಲೇನ್ 7 ಅಡಿ 1 ಅಂಗುಲ ಎತ್ತರದವನು. ಎತ್ತರದೊಂದಿಗೆ ಓಟ, ಜಿಗಿತ, ಬಲಗಳೂ ಅವನಲ್ಲಿದ್ದವು. 1962ರ ಮಾರ್ಚ್ 2ರಂದು ಅವನು ಒಂದೇ ಪಂದ್ಯದಲ್ಲಿ 100 ಅಂಕಗಳನ್ನು ಗಳಿಸಿದನು. 1964ರಲ್ಲಿ ಪಟ್ಟೆಯನ್ನು 16 ಅಡಿಗೆ ಹಿಗ್ಗಿಸಲಾಯಿತು. ಆದರೆ ಅವನನ್ನು ನಿಜವಾಗಿ ಕಾಡಿದವನು ಬಾಸ್ಟನ್ ತಂಡದ ಬಿಲ್ ರಸಲ್. ಅಂಕ ಗಳಿಕೆಯಲ್ಲಿ ರಸಲ್ ಚೇಂಬರ್ಲೇನ್‌ಗೆ ಸಾಟಿಯಾಗಿರಲಿಲ್ಲ. ಎದುರಾಳಿಯ ಎಸೆತವನ್ನು ತಡೆದು, ಆ ಚೆಂಡನ್ನು ತನ್ನವರಿಗೆ ಒದಗಿಸುವುದರಲ್ಲಿ ಅವನು ನಿಪುಣ. ಅವನು ಆಡಿದ 13 ವರ್ಷಗಳಲ್ಲಿ ಬಾಸ್ಟನ್ ತಂಡವು 11 ಬಾರಿ ಪ್ರಶಸ್ತಿ ಗೆದ್ದಿತು. ಎತ್ತರವನ್ನು ತನಗಾಗಿ ಬಳಸುವುದು ಒಂದು ಬಗೆ, ತಂಡಕ್ಕಾಗಿ ಬಳಸುವುದು ಇನ್ನೊಂದು ಬಗೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಅಡ್ಡಿಯೇ ವಿದ್ಯೆಗೆ ಕಾರಣವಾಗುವುದಕ್ಕೆ ಕರೀಂ ಅಬ್ದುಲ್ ಜಬ್ಬಾರ್‌ನ ಜೀವನವು ಒಳ್ಳೆಯ ನಿದರ್ಶನ. ಲ್ಯೂ ಆಲ್ಸಿಂಡರ್ ಎಂಬ ಹೆಸರಿನಿಂದ ಅವನು ಕಾಲೇಜು ತಂಡದಲ್ಲಿ ಆಡುತ್ತಿದ್ದಾಗ, 1967ರಲ್ಲಿ, ಚೆಂಡನ್ನು ಮೇಲಿನಿಂದ ಬುಟ್ಟಿಯೊಳಕ್ಕೆ ಅದುಮುವುದನ್ನು ಕಾಲೇಜು ಪಂದ್ಯಗಳಲ್ಲಿ ನಿಷೇಧಿಸಲಾಯಿತು. ಎತ್ತರದವನಿಗೆ ಅದು ಅತ್ಯಂತ ಸುಲಭದ ದಾರಿ. ಅದು ಮುಚ್ಚಿದಾಗ ಅವನು ‘ಹುಕ್’ ಎಂಬ ಎಸೆತವನ್ನು ಇನ್ನಷ್ಟು ಸಾಧಿಸಿದನು. ಎದುರಾಳಿಯ ಕಡೆಗೆ ಪಕ್ಕೆ ಕೊಟ್ಟು, ದೂರದ ತೋಳನ್ನು ತಲೆಯ ಮೇಲೆ ಬಿಲ್ಲಿನಂತೆ ಎತ್ತಿ, ಬೆರಳ ತುದಿಯಿಂದ ಚೆಂಡನ್ನು ಜಾರಿಬಿಡುವ ಆ ಎಸೆತವನ್ನು ತಡೆಯಬಲ್ಲವರು ವಿರಳ. ಶಾಲಾ ಬಾಲಕನಾಗಿದ್ದಾಗ ಅವನು ಮಾಡುತ್ತಿದ್ದುದು ಮೈಕನ್‌ನ ಅಭ್ಯಾಸವನ್ನೇ. 20 ವರ್ಷಗಳ ವೃತ್ತಿಜೀವನದಲ್ಲಿ ಅವನು ಗಳಿಸಿದ 38,387 ಅಂಕಗಳ ದಾಖಲೆಯು 2023ರವರೆಗೆ ಅಳಿಯದೆ ಉಳಿದಿತ್ತು.

ಮುಂದಿನ ತಲೆಮಾರಿನಲ್ಲಿ ನೈಜೀರಿಯಾ ದೇಶದ ಹಕೀಂ ಒಲಾಜುವನ್, ಬಾಲ್ಯದಲ್ಲಿ ಕಾಲ್ಚೆಂಡಾಟದ ಗೋಲು ಕಾಯುತ್ತ ಕಲಿತಿದ್ದ ಕಾಲ್ಚಳಕವನ್ನು ಪೋಸ್ಟ್‌ಗೆ ತಂದನು. ಅವನ ಹ್ಯೂಸ್ಟನ್ ತಂಡವು 1994 ಮತ್ತು 1995ರಲ್ಲಿ ಪ್ರಶಸ್ತಿ ಗೆದ್ದಿತು. ಅವನ ಅನಂತರ 130 ಕಿಲೋಗ್ರಾಮಿಗೂ ಮಿಗಿಲಾದ ತೂಕದ ಶಕೀಲ್ ಓನೀಲ್ ಬಲಕ್ಕೆ ಬಲವೇ ಉತ್ತರವೆಂಬಂತೆ ಆಡಿ, 2000ದಿಂದ 2002ರವರೆಗೆ ಲೇಕರ್ಸ್ ತಂಡಕ್ಕೆ ಸತತ ಮೂರು ಪ್ರಶಸ್ತಿಗಳನ್ನು ತಂದನು. 2005ರಲ್ಲಿ ಮೈಕನ್ ನಿಧನನಾದಾಗ ಅಂತ್ಯಕ್ರಿಯೆಯ ವೆಚ್ಚವನ್ನು ತಾನು ಭರಿಸುವೆನೆಂದು ಮುಂದೆ ಬಂದವನು ಇದೇ ಓನೀಲ್. ದಾರಿ ತೆರೆದವನ ಋಣವನ್ನು ಅವನು ಮರೆತಿರಲಿಲ್ಲ.

ಅಷ್ಟರಲ್ಲಿಯೇ ಪೋಸ್ಟ್‌ನ ಕಾಲ ಇಳಿಮುಖವಾಗತೊಡಗಿತ್ತು. ಇದರ ಬೀಜ ಬಿದ್ದುದು 1979ರಲ್ಲಿ. ಬುಟ್ಟಿಯಿಂದ 23 ಅಡಿ 9 ಅಂಗುಲ ದೂರದಲ್ಲಿ, ಅಂಕಣದ ಮೂಲೆಗಳಲ್ಲಿ ಸ್ವಲ್ಪ ಸಮೀಪದಲ್ಲಿ, ಒಂದು ಕಮಾನು ಗೆರೆಯನ್ನು ಎಳೆದು, ಅದರ ಆಚೆಯಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕ ಎಂದು ಆ ವರ್ಷ ವಿಧಿಸಲಾಯಿತು. ಆರಂಭದಲ್ಲಿ ತಂಡಗಳು ಇದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಆದರೆ ಲೆಕ್ಕ ಸರಳವಾಗಿತ್ತು. ಹತ್ತಿರದಿಂದ 100 ಬಾರಿ ಎಸೆದು 50 ಬಾರಿ ಸಫಲನಾದವನಿಗೆ 100 ಅಂಕಗಳು ದೊರೆಯುತ್ತವೆ. ದೂರದಿಂದ 100 ಬಾರಿ ಎಸೆದು 35 ಬಾರಿ ಮಾತ್ರ ಸಫಲನಾದವನಿಗೆ 105 ಅಂಕಗಳು ದೊರೆಯುತ್ತವೆ. ಇದಲ್ಲದೆ, ಎದುರಾಳಿಗಳು ಒಬ್ಬೊಬ್ಬರಾಗಿ ತಮ್ಮ ತಮ್ಮ ಆಟಗಾರನನ್ನೇ ಕಾಯಬೇಕೆಂಬ ನಿರ್ಬಂಧವು 2001ರಲ್ಲಿ ಸಡಿಲಾಯಿತು. ಕಂಬದಂತೆ ನಿಂತವನನ್ನು ಇಬ್ಬರು ಮೂವರು ಸುತ್ತುವರಿಯುವುದು ಸುಲಭವಾಯಿತು. ಅವನು ಅಲ್ಲಿ ನಿಂತಿದ್ದರೆ, ಬುಟ್ಟಿಯತ್ತ ನುಗ್ಗುವ ಜೊತೆಗಾರನಿಗೂ ದಾರಿಯಿಲ್ಲದಂತಾಗುತ್ತಿತ್ತು.

ಪರಿಣಾಮವು ಕ್ರಮೇಣ ಕಾಣಿಸಿಕೊಂಡಿತು. ತಾರಾ ಆಟಗಾರರ ಪಂದ್ಯಕ್ಕೆ ಅಭಿಮಾನಿಗಳು ಮತ ನೀಡುವ ಪತ್ರದಿಂದ 2012ರಲ್ಲಿ ‘ಸೆಂಟರ್’ ಎಂಬ ವಿಭಾಗವನ್ನೇ ತೆಗೆದುಹಾಕಲಾಯಿತು. 2017-18ರಲ್ಲಿ ಹ್ಯೂಸ್ಟನ್ ತಂಡವು ಹತ್ತಿರದ ಎಸೆತಗಳಿಗಿಂತ ಹೆಚ್ಚಾಗಿ ಮೂರಂಕದ ಎಸೆತಗಳನ್ನೇ ಎಸೆಯಿತು. ಒಂದೇ ವಿದ್ಯೆಯನ್ನು ನಂಬಿದ್ದ ದೊಡ್ಡ ಆಟಗಾರರು ಆಟದ ನಿರ್ಣಾಯಕ ಗಳಿಗೆಗಳಲ್ಲಿ ಅಂಕಣದ ಹೊರಗಿನ ಬೆಂಚಿನ ಮೇಲೆ ಕುಳಿತಿರಬೇಕಾಯಿತು. ಅವರ ಎತ್ತರವು ಕುಗ್ಗಿರಲಿಲ್ಲ. ಅದಕ್ಕೆ ಆಟದಲ್ಲಿದ್ದ ಬೆಲೆ ಕುಗ್ಗಿತ್ತು.

ಕಲಿಯಲು ಸಿದ್ಧರಾದವರು ಮಾತ್ರ ಉಳಿದರು. ಬ್ರೂಕ್ ಲೋಪೆಜ್ ಎಂಬ ಏಳಡಿಯ ಸೆಂಟರ್ ತನ್ನ ವೃತ್ತಿಯ ಮೊದಲ ಎಂಟು ವರ್ಷಗಳಲ್ಲಿ ಹಾಕಿದ ಮೂರಂಕದ ಬುಟ್ಟಿಗಳು ಒಟ್ಟು 3. ಒಂಬತ್ತನೆಯ ವರ್ಷದಲ್ಲಿ, ಅಂದರೆ 2016-17ರಲ್ಲಿ, ಅವನು ಹಾಕಿದವು 134. ನೆಲೆಯೂರಿದ ಆಟಗಾರನೊಬ್ಬನು ಇಪ್ಪತ್ತೆಂಟರ ವಯಸ್ಸಿನಲ್ಲಿ ಹೊಸ ಅಕ್ಷರ ತಿದ್ದಲು ಕುಳಿತಂತಿತ್ತು ಅದು.

ಹಾಗೆಂದು ಪೋಸ್ಟ್‌ನ ವಿದ್ಯೆಯೇ ಅಳಿದುಹೋಯಿತೆ? ಇಲ್ಲ. ಸರ್ಬಿಯಾ ದೇಶದ ಸೊಂಬೋರ್ ಪಟ್ಟಣದ ನಿಕೋಲಾ ಯೋಕಿಚ್ ಅದಕ್ಕೆ ಹೊಸ ಅರ್ಥವನ್ನು ನೀಡಿದನು. ಹೆಚ್ಚು ಎತ್ತರಕ್ಕೆ ಜಿಗಿಯಲಾರದ, ವೇಗವಾಗಿ ಓಡಲಾರದ ಈ ಯುವಕನನ್ನು 2014ರ ಆಯ್ಕೆಯಲ್ಲಿ ಡೆನ್ವರ್ ತಂಡವು 41ನೆಯವನಾಗಿ ಆರಿಸಿತು. ಅವನೂ ಬುಟ್ಟಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಆದರೆ ಇಬ್ಬರು ತನ್ನನ್ನು ಸುತ್ತುವರಿದೊಡನೆ, ಕಾವಲಿಲ್ಲದೆ ಉಳಿದ ಜೊತೆಗಾರನಿಗೆ ಚೆಂಡನ್ನು ದಾಟಿಸುತ್ತಾನೆ. ಹಿಂದೆ ಚೆಂಡಿನ ಪಯಣವು ಪೋಸ್ಟ್‌ನಲ್ಲಿ ಮುಗಿಯುತ್ತಿತ್ತು. ಈಗ ಅಲ್ಲಿಂದ ಆರಂಭವಾಗುತ್ತದೆ. 2021, 2022 ಮತ್ತು 2024ರಲ್ಲಿ ಅವನು ವರ್ಷದ ಶ್ರೇಷ್ಠ ಆಟಗಾರನೆನಿಸಿದನು. 2023ರಲ್ಲಿ ತನ್ನ ತಂಡಕ್ಕೆ ಪ್ರಶಸ್ತಿ ತಂದನು.

ಮೈಕನ್‌ನಿಂದ ಯೋಕಿಚ್‌ವರೆಗಿನ ಈ ಸಾಲನ್ನು ನೋಡಿದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಹುಟ್ಟಿನಿಂದ ಬಂದ ಅನುಕೂಲವು ಮನುಷ್ಯನನ್ನು ಬಾಗಿಲವರೆಗೆ ಕರೆತರಬಲ್ಲದು. ಒಳಗೆ ಉಳಿಸಿಕೊಳ್ಳುವುದು ಅವನು ಕಲಿತ ವಿದ್ಯೆ. ಆ ವಿದ್ಯೆಯೂ ಒಮ್ಮೆ ಕಲಿತು ಕಟ್ಟಿಡುವ ಗಂಟಲ್ಲ. ಆಟದ ಗೆರೆಗಳು ಸರಿದಂತೆ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ. ಬುಟ್ಟಿಯು ಇಂದಿಗೂ 10 ಅಡಿ ಎತ್ತರದಲ್ಲಿಯೇ ಇದೆ. ಅದನ್ನು ತಲುಪುವ ದಾರಿಯನ್ನು ಮಾತ್ರ ಪ್ರತಿಯೊಂದು ತಲೆಮಾರೂ ಹೊಸದಾಗಿ ಹುಡುಕಿಕೊಳ್ಳಬೇಕಾಗಿದೆ.