ಸ್ಕೂಬಾ ಬೋಧಕ: ನೌಕರನೋ, ಸ್ವತಂತ್ರ ವೃತ್ತಿಗನೋ?

ಅಷ್ಟೂರಿನ ಬಹಮನಿ ಗುಂಬಜ್‌ಗಳನ್ನು ತೋರಿಸಿ ಪ್ರವಾಸಿಗರಿಂದಲೇ ನೇರವಾಗಿ ಹಣ ಪಡೆಯುವ ಮಾರ್ಗದರ್ಶಿಯು ಸ್ವತಂತ್ರ ವೃತ್ತಿಗನು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ತೆರಳುವ ಸ್ಕೂಬಾ ಬೋಧಕನ ಸ್ಥಿತಿ ಹಾಗಲ್ಲ. ದೋಣಿ, ಗಾಳಿಯ ಸಿಲಿಂಡರ್, ವೇಳಾಪಟ್ಟಿ ಎಲ್ಲವೂ ಮಾಲೀಕನವಾಗಿರುವಾಗ, ಪಾವತಿಗೆ ‘ವೃತ್ತಿ ಶುಲ್ಕ’ವೆಂದು ಹೆಸರಿಟ್ಟ ಮಾತ್ರಕ್ಕೆ ಅವನು ನೌಕರನಲ್ಲವೆಂದು ಸಾಧಿಸುವುದು ಕಷ್ಟ. ನೌಕರನೆಂದಾದರೆ ಅಪಘಾತ ಪರಿಹಾರದ ಹೊಣೆಯೂ ಬರುತ್ತದೆ; ಸಂಖ್ಯೆ 20 ಮುಟ್ಟಿದರೆ ಭವಿಷ್ಯನಿಧಿಯೂ ಅನ್ವಯಿಸುತ್ತದೆ.

ಥೈಲ್ಯಾಂಡಿನ ಕೋ ತಾವೊ ದ್ವೀಪದಲ್ಲಿ ಬೋಧಕರಿಗೆ ಶಿಷ್ಯರ ತಲೆಯೆಣಿಕೆಯಂತೆ ಕಮಿಷನ್ ಕೊಡುವ ವಾಡಿಕೆಯುಂಟು. ಅದನ್ನೇ ಇಲ್ಲಿಗೆ ತಂದು ವಿದೇಶೀಯರನ್ನು ನೇಮಿಸುವುದು ಸುಲಭವಲ್ಲ. ಪ್ರವಾಸಿ ವೀಸಾದ ಮೇಲೆ ದುಡಿಸಿಕೊಳ್ಳುವಂತಿಲ್ಲ. ಉದ್ಯೋಗ ವೀಸಾಕ್ಕೆ ಸಾಮಾನ್ಯವಾಗಿ ವಾರ್ಷಿಕ ವೇತನ 16.25 ಲಕ್ಷ ರೂಪಾಯಿಗಿಂತ ಹೆಚ್ಚಿರಬೇಕು. ಮಳೆಗಾಲವಿಡೀ ಕಡಲಿಗಿಳಿಯಲಾಗದ ಉದ್ಯಮಕ್ಕೆ ಇದು ಸಣ್ಣ ಹೊರೆಯಲ್ಲ. ಆದುದರಿಂದ ಸ್ಥಳೀಯ ಯುವಕರಿಗೆ ತರಬೇತಿ ಕೊಡಿಸಿ, ನೇಮಕಾತಿ ಪತ್ರ ನೀಡಿ, ವೇತನಪಟ್ಟಿಗೆ ಸೇರಿಸುವುದೇ ಲೆಕ್ಕಕ್ಕೆ ಒಪ್ಪುವ ಮಾರ್ಗ.